ನೃಪತುಂಗ ಬೆಟ್ಟದ ಪರೀಕ್ಷೆ: ಹುಬ್ಬಳ್ಳಿಯ ಪ್ರವಾಸ ಸಲಹೆಗಾರ್ತಿಯೊಬ್ಬರ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಓಣಿ, ಊರುಗಳನ್ನು ಬದಲಿಸಿದ್ದೇನೆ ಇಲ್ಲವೇ ಬಿಟ್ಟಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿ ಶಾರದಾ ಎಂದು ಕರೆದಿರುವ ಸಲಹೆಗಾರ್ತಿಯ ಲೆಕ್ಕದ ಪುಸ್ತಕಗಳು ಒಂಬತ್ತು ವರ್ಷಗಳಿಂದ ನನ್ನ ಕೈಯಲ್ಲಿವೆ. ಎಲ್ಲ ಬಗೆಯ ಪ್ರವಾಸಗಳನ್ನೂ ಮಾರುತ್ತಾ ಇರಬೇಕೇ, ಒಂದನ್ನೇ ಹಿಡಿಯಬೇಕೇ ಎಂಬ ಪ್ರಶ್ನೆ ಈ ಊರಿನ ಎಷ್ಟೋ ಮಳಿಗೆಗಳ ಮುಂದಿದೆ. ಒಬ್ಬರು ಅದನ್ನು ಹೇಗೆ ಬಿಡಿಸಿಕೊಂಡರು, ಎಲ್ಲೆಲ್ಲಿ ಎಡವಿದರು ಎಂಬುದು ಉಳಿದವರಿಗೂ ಗೊತ್ತಿರಲಿ ಎಂಬ ಆಸೆ ನನ್ನದು.

ಹಿನ್ನೆಲೆ

ಶಾರದಾ ಅವರ ಮಾವನವರು 1990ರ ದಶಕದಲ್ಲಿ ಹತ್ತಡಿ ಅಗಲದ ಮಳಿಗೆಯೊಂದರಲ್ಲಿ ಮುಂಬೈ, ಪುಣೆ, ಬೆಂಗಳೂರಿನ ರಾತ್ರಿ ಬಸ್ಸುಗಳಿಗೆ ಸೀಟು ಕಾಯ್ದಿರಿಸುವ ಕೆಲಸ ಆರಂಭಿಸಿದರು. ಆಮೇಲೆ ವಿಮಾನ ಟಿಕೆಟ್ ಬಂತು, ರೈಲಿನ ಇ-ಟಿಕೆಟ್ ಬಂತು. 2008ರ ಕೊನೆಯ ಹೊತ್ತಿಗೆ ದೇಶದ ದೊಡ್ಡ ವಿಮಾನ ಕಂಪನಿಗಳು ಏಜೆಂಟರಿಗೆ ಕೊಡುತ್ತಿದ್ದ ಕಮಿಷನ್ ನಿಲ್ಲಿಸಿದಾಗ ಅಂಗಡಿಗೆ ಮೊದಲ ಪೆಟ್ಟು ಬಿದ್ದಿತು. 2015ರಲ್ಲಿ ಸೊಸೆ ಬಂದು ಕುಳಿತ ಮೇಲೆ ಗೋವಾ, ದಾಂಡೇಲಿಯ ವಾರಾಂತ್ಯದ ಪ್ರವಾಸ, ತಿರುಪತಿ, ಮಂತ್ರಾಲಯ, ಶಿರಡಿ, ಕಾಶಿ, ದುಬೈ, ಥಾಯ್ಲೆಂಡ್ ಎಲ್ಲವೂ ಸೇರಿಕೊಂಡವು. ಬೋರ್ಡಿನ ಮೇಲೆ ಬರೆಯಲು ಜಾಗ ಸಾಲದೆ ಗಾಜಿನ ಬಾಗಿಲಿಗೂ ಅಕ್ಷರ ಅಂಟಿಸಿದ್ದರು.

ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹುಬ್ಬಳ್ಳಿ-ಧಾರವಾಡದವರು. ಉಳಿದವರು ಗದಗ, ಹಾವೇರಿ ಜಿಲ್ಲೆಗಳ ಸಣ್ಣ ಊರುಗಳವರು: ಜಮೀನಿದ್ದವರು, ನಿವೃತ್ತ ಶಿಕ್ಷಕರು, ಮೆಣಸಿನಕಾಯಿ ವ್ಯಾಪಾರಸ್ಥರು. ಈ ಎರಡನೆಯ ಗುಂಪು ಮುಂದೆ ಮುಖ್ಯವಾಗುತ್ತದೆ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

2023ರ ಮಧ್ಯದಲ್ಲಿ ಶಾರದಾ ಬೆಂಗಳೂರಿನಲ್ಲಿ ಎರಡು ದಿನಗಳ ತರಬೇತಿಗೆ ಹೋಗಿ ಬಂದರು. ಟಿಕೆಟ್ ಬಿಟ್ಟು ವಿದೇಶ ಪ್ರವಾಸವನ್ನೇ ವಿಶೇಷವಾಗಿ ಹಿಡಿಯಿರಿ, ಲಾಭ ಅಲ್ಲಿದೆ ಎಂದು ಅಲ್ಲಿ ಹೇಳಿದ್ದರು. ಅವರು ನಂಬಿದರು. ನಾನೂ ತಲೆಯಾಡಿಸಿದೆ.

ಆ ವರ್ಷದ ಅಕ್ಟೋಬರ್ 1ರಿಂದ ವಿದೇಶ ಪ್ಯಾಕೇಜುಗಳ ಮೇಲಿನ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯ ನಿಯಮ ಬದಲಾಯಿತು: ವರ್ಷಕ್ಕೆ ಏಳು ಲಕ್ಷ ರೂಪಾಯಿವರೆಗೆ ಶೇ 5, ಅದನ್ನು ಮೀರಿದ್ದಕ್ಕೆ ಶೇ 20. ಅದು ಮುಂದೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಹಣ ಎಂದು ಎಷ್ಟು ತಿಳಿಸಿ ಹೇಳಿದರೂ ದೊಡ್ಡ ಕುಟುಂಬಗಳು ಹಿಂದೆ ಸರಿದವು. ಉಳಿದದ್ದು ಮಧುಚಂದ್ರದ ಜೋಡಿಗಳು. ಅವರು ಮೊಬೈಲಿನಲ್ಲಿ ನಾಲ್ಕು ಕಡೆ ದರ ನೋಡಿಕೊಂಡೇ ಒಳಗೆ ಬರುತ್ತಿದ್ದರು.

ಡಿಸೆಂಬರಿನಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ನವೆಂಬರ್ 10ರಿಂದ ಭಾರತೀಯರಿಗೆ ವೀಸಾ ಬೇಡವೆಂದು ಥಾಯ್ಲೆಂಡ್ ಘೋಷಿಸಿತ್ತು. ಆ ಸುದ್ದಿಯ ಸಂಭ್ರಮದಲ್ಲಿ ಒಂದೇ ವಾರಕ್ಕೆ ಆರು ಜೋಡಿಗಳು ಬುಕಿಂಗ್ ಮಾಡಿಸಿದವು. ಅವುಗಳಲ್ಲಿ ಒಂದು ಜೋಡಿಯ ವರನ ಪಾಸ್‌ಪೋರ್ಟಿನ ಅವಧಿ ಮುಗಿಯಲು ನಾಲ್ಕು ತಿಂಗಳು ಮಾತ್ರ ಉಳಿದಿತ್ತು. ಆರು ತಿಂಗಳಾದರೂ ಉಳಿದಿರಬೇಕು ಎಂಬುದು ವಿದೇಶ ಪ್ರವಾಸದ ಕೆಲಸದಲ್ಲಿ ಮೊದಲ ಪಾಠ. ಮೊದಲಾಗಿದ್ದರೆ ವೀಸಾ ಅರ್ಜಿ ತುಂಬುವಾಗಲೇ ಅದು ಕಣ್ಣಿಗೆ ಬೀಳುತ್ತಿತ್ತು. ವೀಸಾ ಇಲ್ಲವಾದ್ದರಿಂದ ಪಾಸ್‌ಪೋರ್ಟಿನ ಆ ಪುಟವನ್ನು ಯಾರೂ ತೆರೆದು ನೋಡಲಿಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವರನ್ನು ತಡೆದರು. ಮದುವೆಯಾಗಿ ಐದು ದಿನ ಕಳೆದಿತ್ತು. ಆ ಹುಡುಗಿ ಫೋನಿನಲ್ಲಿ ಅತ್ತದ್ದನ್ನು ಶಾರದಾ ಇಂದಿಗೂ ಮರೆತಿಲ್ಲ. ಎಪ್ಪತ್ತನಾಲ್ಕು ಸಾವಿರ ರೂಪಾಯಿಯನ್ನು ಅವರು ತಮ್ಮ ಕೈಯಿಂದ ಕೊಟ್ಟರು.

ಆ ಜೋಡಿ ಬುಕಿಂಗ್ ಮಾಡಿಸಿದ ದಿನದ ಪುಸ್ತಕ ತೆರೆದು ನೋಡಿದೆ. ಹನ್ನೊಂದು ರೈಲು ಟಿಕೆಟ್, ಎರಡು ರದ್ದತಿ, ತಿರುಪತಿಯ ಮುನ್ನೂರು ರೂಪಾಯಿಯ ವಿಶೇಷ ದರ್ಶನ, ದಾಂಡೇಲಿಯಲ್ಲಿ ಕೋಣೆ, ಮಂತ್ರಾಲಯಕ್ಕೆ ಬಾಡಿಗೆ ಬಸ್, ಈ ಜೋಡಿಯ ಥಾಯ್ಲೆಂಡ್. ಅಷ್ಟೆಲ್ಲ ಒಂದೇ ತಲೆಯಲ್ಲಿ ತುಂಬಿಕೊಂಡವರಿಗೆ ಒಂದು ಪುಟ ಕಣ್ತಪ್ಪುವುದು ಅಜಾಗರೂಕತೆ ಎಂದು ನನಗೆ ಅನ್ನಿಸಲಿಲ್ಲ. ಕೆಲಸ ಹಂಚಿಕೊಂಡ ರೀತಿಯಲ್ಲೇ ದೋಷವಿತ್ತು.

ಗಂಟೆಗಳ ಪುಸ್ತಕ

2024ರ ಜನವರಿಯಿಂದ ಮಾರ್ಚ್‌ವರೆಗೆ ಒಂದು ನೋಟ್‌ಬುಕ್ ಇಡುವಂತೆ ಹೇಳಿದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಎಷ್ಟು ಉಳಿಯಿತು, ಎರಡನ್ನೇ ಬರೆಯಬೇಕು. ಹಣದ ಲೆಕ್ಕ ಎಲ್ಲರೂ ಇಡುತ್ತಾರೆ, ಹೊತ್ತಿನ ಲೆಕ್ಕ ಯಾರೂ ಇಡುವುದಿಲ್ಲ.

ನೂರು ಗಂಟೆಗಳಲ್ಲಿ 58 ಟಿಕೆಟ್‌ಗಳಿಗೆ ಹೋಗಿದ್ದವು. ಲಾಭವಾಗಿ ಕೈಯಲ್ಲಿ ಉಳಿದ ಪ್ರತಿ ನೂರು ರೂಪಾಯಿಯಲ್ಲಿ ಟಿಕೆಟ್‌ನಿಂದ ಬಂದದ್ದು 21. ಇದರಲ್ಲಿ ಆಶ್ಚರ್ಯವೇನೂ ಇಲ್ಲ: ಸ್ಲೀಪರ್ ಟಿಕೆಟ್ ಒಂದಕ್ಕೆ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಇಪ್ಪತ್ತು ರೂಪಾಯಿ, ಎಸಿಗೆ ನಲವತ್ತು. ವಿದೇಶ ಪ್ರವಾಸಕ್ಕೆ 17 ಗಂಟೆ, 19 ರೂಪಾಯಿ. ಗೋವಾ-ದಾಂಡೇಲಿಗೆ 11 ಗಂಟೆ, 12 ರೂಪಾಯಿ. ತೀರ್ಥಯಾತ್ರೆಗೆ 14 ಗಂಟೆ, 48 ರೂಪಾಯಿ.

ನಾನು ಪೆನ್ನು ಕೆಳಗಿಟ್ಟು, ಉತ್ತರ ಸಿಕ್ಕಿತಲ್ಲ ಎಂದೆ. ಶಾರದಾ ಒಪ್ಪಲಿಲ್ಲ. "ಕಾಶಿ ತಂಡದ ಜೊತೆ ಒಂಬತ್ತು ದಿನ ನಾನೇ ಹೋಗಿದ್ದೆ. ಅದನ್ನು ಇದರಲ್ಲಿ ಬರೆದೇ ಇಲ್ಲ" ಎಂದರು. ಅಂಗಡಿಯ ಕುರ್ಚಿಯಲ್ಲಿ ಕಳೆದ ಹೊತ್ತನ್ನು ಮಾತ್ರ ನಾವು ದುಡಿಮೆ ಎಂದು ಎಣಿಸಿದ್ದೆವು. ಆ ಒಂಬತ್ತು ದಿನಗಳನ್ನು ಸೇರಿಸಿದಾಗ ತೀರ್ಥಯಾತ್ರೆಯ ಪಾಲಿನ ಹೊತ್ತು ಮೂರನೆಯ ಒಂದು ಭಾಗವನ್ನು ದಾಟಿತು. ಆಗಲೂ ಅದು ಟಿಕೆಟ್‌ಗಿಂತ ಲಾಭದಾಯಕವೇ ಆಗಿತ್ತು. ಆದರೆ ಮೊದಲು ತೋರಿದಷ್ಟು ಹಗುರವಾದ ದಾರಿ ಅದಾಗಿರಲಿಲ್ಲ. ವಿಶೇಷತೆಯ ಕಡೆಗೆ ತಿರುಗುವವರೆಲ್ಲ ಈ ಲೆಕ್ಕವನ್ನು ಮೊದಲು ಮಾಡಿಕೊಳ್ಳಬೇಕು. ಆಳಕ್ಕೆ ಇಳಿದರೆ ತಾವೇ ಹೋಗಬೇಕಾಗುತ್ತದೆ, ಕುರ್ಚಿಯಲ್ಲಿ ಕುಳಿತು ಆಗುವುದಿಲ್ಲ.

ಇನ್ನೊಂದು ಮಾತು ಆ ನೋಟ್‌ಬುಕ್ಕಿನಿಂದಲೇ ಹೊರಬಂತು. ಯಾತ್ರೆಗೆ ಬರುವವರಲ್ಲಿ ಬಹುತೇಕರು ಅರವತ್ತು ದಾಟಿದವರು. ಅವರು ಎರಡನೆಯ ಸಲ ಬಂದಾಗ ಚೌಕಾಶಿ ಮಾಡುತ್ತಿರಲಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಅಡುಗೆಯವರು ನಮ್ಮ ಕಡೆಯವರೇ ತಾನೇ? ಕೆಳಗಿನ ಬರ್ತ್ ಸಿಗುತ್ತದೆಯೇ? ಮಾತಾಡಲು ಹಿಂದಿ ಬರದಿದ್ದರೆ ಏನು ಮಾಡುವುದು? ಒಬ್ಬ ಅಜ್ಜಿ ಕೇಳಿದ್ದು ಒಂದೇ: "ತಂಗಿ, ನೀನು ಜೊತೆಗೆ ಬರುತ್ತೀಯಾ?"

ಕಾಶಿ, ಕೇದಾರ ಈ ಭಾಗದ ಜನರಿಗೆ ದೂರದ ಊರುಗಳಲ್ಲ. ವೀರಶೈವ ಪಂಚಪೀಠಗಳಲ್ಲಿ ಎರಡು ಅಲ್ಲಿವೆ. ಕಾಶಿಯ ಜಂಗಮವಾಡಿ ಮಠದಲ್ಲಿ ಕನ್ನಡ ಕೇಳಿಸುತ್ತದೆ. ಕೇದಾರನಾಥ ದೇವಾಲಯದ ಪ್ರಮುಖ ಗುರುಗಳಾದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರು. ಈ ನಂಟನ್ನು ಶಾರದಾ ಯಾವ ತರಬೇತಿಯಲ್ಲೂ ಕಲಿತವರಲ್ಲ, ಅದು ಮನೆಯಲ್ಲೇ ಬಂದದ್ದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಷ್ಟು ದಿನ ಕೆಡದೆ ಇರುತ್ತವೆ, ಇಪ್ಪತ್ತೆರಡು ಜನರಿಗೆ ಎಷ್ಟು ಕಟ್ಟಿಕೊಳ್ಳಬೇಕು ಎಂಬುದು ಅವರಿಗೆ ಬಾಯಿಪಾಠ.

ಗುಪ್ತಕಾಶಿಯ ರಾತ್ರಿ

ಆ ಮೇ ತಿಂಗಳಲ್ಲಿ ಗದಗ ಜಿಲ್ಲೆಯ ಒಂದೇ ಊರಿನ ಇಪ್ಪತ್ತೆರಡು ಜನರೊಡನೆ ಅವರು ಹಿಮಾಲಯದಲ್ಲಿ ಕೇದಾರವೂ ಸೇರಿದ ನಾಲ್ಕು ಕ್ಷೇತ್ರಗಳಾದ ಚಾರ್‌ಧಾಮಕ್ಕೆ ಹೊರಟರು. ಹೊರಡುವ ದಿನಾಂಕ ಗೊತ್ತು ಮಾಡಿದ್ದು ಹೊಲ. ಅಕ್ಷಯ ತೃತೀಯಕ್ಕೆ, ಅಂದರೆ 2024ರಲ್ಲಿ ಮೇ 10ರಂದು, ಕೇದಾರದ ಬಾಗಿಲು ತೆರೆಯಿತು. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ, ಅಷ್ಟರಲ್ಲಿ ರೈತರು ಊರು ಸೇರಬೇಕು. ಹೀಗಾಗಿ ನಮ್ಮ ಕಡೆಯ ರೈತರು ಹೋಗಲು ಸಾಧ್ಯವಿದ್ದದ್ದು ಇಡೀ ಋತುವಿನಲ್ಲಿ ಅತ್ಯಂತ ದಟ್ಟಣೆಯ ಆ ಹದಿನೈದು ದಿನಗಳಲ್ಲೇ.

ಆ ವರ್ಷ ಜನ ಎಷ್ಟು ನುಗ್ಗಿದರೆಂದರೆ ಹರಿದ್ವಾರ, ಋಷಿಕೇಶಗಳಲ್ಲಿ ಸ್ಥಳದಲ್ಲೇ ನೋಂದಣಿ ಮಾಡುವುದನ್ನು ಸರ್ಕಾರ ನಿಲ್ಲಿಸಿತು. ಅಲ್ಲಿಗೆ ಹೋದ ಮೇಲೆ ನೋಡೋಣ ಎಂದು ಹೊರಟಿದ್ದ ಎಷ್ಟೋ ತಂಡಗಳು ದಾರಿಯಲ್ಲೇ ಉಳಿದವು. ಶಾರದಾ ಎಲ್ಲರ ನೋಂದಣಿಯನ್ನೂ ಮೊದಲೇ ಆನ್‌ಲೈನಿನಲ್ಲಿ ಮುಗಿಸಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಗುಪ್ತಕಾಶಿಯಲ್ಲಿ ತಂಗಿದ ರಾತ್ರಿ ಅರವತ್ತೆಂಟು ವರ್ಷದ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದು ಬಹಳ ಹೊತ್ತು ಏದುಸಿರು ಬಿಟ್ಟರು. ಕೇಳಿದಾಗ ಅವರ ಪತ್ನಿಯ ಬಾಯಿಂದ ಬಂತು: ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ, ಹೇಳಿದರೆ ಕರೆದೊಯ್ಯುವುದಿಲ್ಲವೆಂದು ಬಚ್ಚಿಟ್ಟಿದ್ದರು. ಮರುದಿನ ಗೌರಿಕುಂಡದಿಂದ ಸುಮಾರು ಹದಿನಾರು ಕಿಲೋಮೀಟರ್ ಏರು. ಕೇದಾರ 3,583 ಮೀಟರ್ ಎತ್ತರದಲ್ಲಿದೆ. ಇವರು ಏಳುನೂರು ಮೀಟರನ್ನೂ ಮುಟ್ಟದ ಬಯಲಿನಿಂದ ಬಂದವರು. ಅಮರನಾಥ ಯಾತ್ರೆಗೆ ಎಪ್ಪತ್ತು ದಾಟಿದವರನ್ನು ಬಿಡುವುದಿಲ್ಲ, ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಕೇದಾರಕ್ಕೆ ಅಂಥ ವಯಸ್ಸಿನ ಗೆರೆ ಇಲ್ಲ. ಗೆರೆ ಎಳೆಯುವ ಭಾರ ಕರೆದುಕೊಂಡು ಹೋದವರ ಮೇಲೆ ಬೀಳುತ್ತದೆ.

ಶಾರದಾ "ಕಾಕಾ, ನೀವು ಮೇಲೆ ಬರುವುದು ಬೇಡ" ಎಂದರು.

ಕುದುರೆ ಮೇಲೆ ಹೋಗುತ್ತೇನೆ ಎಂದರು ಹಿರಿಯರು. ಡೋಲಿಯಲ್ಲಿ ಹೊರಿಸಿ ಎಂದರು. ಹೆಲಿಕಾಪ್ಟರಿಗೆ ಎಷ್ಟಾದರೂ ಕೊಡುತ್ತೇನೆ ಎಂದರು. ಕುದುರೆ ಏರಿದರೂ, ಡೋಲಿಯಲ್ಲಿ ಕುಳಿತರೂ ಮೇಲಿನ ಗಾಳಿ ಅಷ್ಟೇ ತೆಳು. ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ ಸಿಗುತ್ತದೆ. ಹೋಟೆಲಿನ ಹುಡುಗ ತರಿಸಿಕೊಡುತ್ತೇನೆ ಎಂದದ್ದನ್ನು ಶಾರದಾ ಅಲ್ಲೇ ತಳ್ಳಿಹಾಕಿದರು. ಊರಿನಿಂದ ಮಗ ಫೋನ್ ಮಾಡಿ ಕೂಗಾಡಿದ. ಹಣ ಕಟ್ಟಿದವರು ನಾವು, ತಡೆಯಲು ನೀವು ಯಾರು ಎಂದು ಕೇಳಿದ. ರಾತ್ರಿ ಹನ್ನೊಂದೂವರೆಗೆ ಶಾರದಾ ನನಗೂ ಫೋನ್ ಮಾಡಿದ್ದರು. ಧ್ವನಿ ನಡುಗುತ್ತಿತ್ತು. ಆದರೆ ತೀರ್ಮಾನವನ್ನು ಬದಲಿಸಲಿಲ್ಲ.

ಮರುದಿನ ಆ ದಂಪತಿಯನ್ನು ಅಡುಗೆಯವರೊಬ್ಬರ ಜೊತೆ ಮಂದಾಕಿನಿ ಕಣಿವೆಯ ಆಚೆ ಬದಿಯ ಊಖೀಮಠಕ್ಕೆ ಕಳಿಸಿದರು. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಅಲ್ಲಿಯ ಓಂಕಾರೇಶ್ವರ ದೇವಾಲಯದಲ್ಲೇ. ಹಿರಿಯರು ದರ್ಶನ ಮಾಡಿದರು. ಸಮಾಧಾನ ಮಾತ್ರ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಕೊನೆಯ ಕಂತು ಕೊಡಲಿಲ್ಲ, ಎದುರಿಗೆ ಸಿಕ್ಕರೆ ಇಂದಿಗೂ ಮಾತಾಡುವುದಿಲ್ಲ.

ಈ ಪ್ರಕರಣದ ತಿರುವು ಇಲ್ಲಿದೆ. ಆ ರಾತ್ರಿಯನ್ನು ಉಳಿದ ಇಪ್ಪತ್ತು ಜನ ನೋಡಿದ್ದರು. ದಸರೆಯ ಹೊತ್ತಿಗೆ ಅದೇ ಊರಿನಿಂದ, ಅಕ್ಕಪಕ್ಕದ ಎರಡು ಊರುಗಳಿಂದ ಹದಿನೇಳು ಕುಟುಂಬಗಳು ಕಾಶಿಗೆ ಹೆಸರು ಕೊಟ್ಟವು. ಒಬ್ಬ ನಿವೃತ್ತ ಶಿಕ್ಷಕಿ ಹೇಳಿದ್ದನ್ನು ನಾನೇ ಕೇಳಿದೆ: "ನಮ್ಮ ಯಜಮಾನರು ಯಾರ ಮಾತನ್ನೂ ಕೇಳುವುದಿಲ್ಲ. ಬೇಡ ಎನ್ನುವವರು ಒಬ್ಬರು ಜೊತೆಗೆ ಇರಲಿ ಎಂದೇ ನಿಮ್ಮ ಬಳಿ ಬಂದೆವು."

ಎಲ್ಲವನ್ನೂ ಮಾರುವ ಸಲಹೆಗಾರರು ಹೀಗೆ ಬೇಡ ಎನ್ನಲಾರರು. ಅವರಿಗೆ ಧೈರ್ಯವಿಲ್ಲವೆಂದಲ್ಲ, ಒಂದು ದಾರಿಯ ಒಂದೊಂದು ತಿರುವೂ ಗೊತ್ತಿಲ್ಲದಿದ್ದರೆ ಬೇಡ ಎನ್ನಲು ಆಧಾರವೇ ಇರುವುದಿಲ್ಲ. ಥಾಯ್ಲೆಂಡಿನ ಜೋಡಿಗೆ ಹೊರಡಬೇಡಿ ಎಂದು ಹೇಳಬೇಕಿತ್ತು. ಹೇಳುವಷ್ಟು ಆ ಕೆಲಸ ಅವರಿಗೆ ಕೈವಶವಾಗಿರಲಿಲ್ಲ.

ಒಂದೇ ಬೆಟ್ಟವನ್ನು ನಂಬುವ ಅಪಾಯ

2024ರ ಜುಲೈ 31ರ ರಾತ್ರಿ ಕೇದಾರದ ದಾರಿಯಲ್ಲಿ ಮೇಘಸ್ಫೋಟವಾಯಿತು. ಸಾವಿರಾರು ಯಾತ್ರಿಕರನ್ನು ಹೊರಗೆ ತರಬೇಕಾಯಿತು, ಕಾಲುದಾರಿ ವಾರಗಟ್ಟಲೆ ಮುಚ್ಚಿತು. ಸೆಪ್ಟೆಂಬರ್ ಮೊದಲ ವಾರಕ್ಕೆ ಇಟ್ಟಿದ್ದ ತಂಡವನ್ನು ಶಾರದಾ ರದ್ದು ಮಾಡಿ ಮುಂಗಡವನ್ನು ಪೂರ್ತಿ ಮರಳಿಸಿದರು. ಹೋಟೆಲಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಅವರಿಗೆ ಹಿಂದಕ್ಕೆ ಬಂತು. ಚಾರ್‌ಧಾಮವನ್ನಷ್ಟೇ ಹಿಡಿದುಕೊಂಡಿದ್ದರೆ ಆ ವರ್ಷ ಮನೆ ನಡೆಯುತ್ತಿರಲಿಲ್ಲ.

ಆಗ ಕುಳಿತು ಮಾಡಿದ ತೀರ್ಮಾನವಿದು: ಸ್ಥಳವನ್ನು ವಿಶೇಷತೆಯನ್ನಾಗಿ ಮಾಡಿಕೊಳ್ಳುವುದು ಬೇಡ. ಗದಗ, ಹಾವೇರಿ, ಧಾರವಾಡ ಕಡೆಯ ಅರವತ್ತು ದಾಟಿದ ಯಾತ್ರಿಕರೇ ವಿಶೇಷತೆ. ಅವರು ಚಳಿಗಾಲದಲ್ಲಿ ಕಾಶಿ, ಗಯಾ, ಪ್ರಯಾಗ, ಅಯೋಧ್ಯೆಗೆ ಹೋಗಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಕೈಯಲ್ಲಿ ಹಣವಿರುವ ಮಾರ್ಚ್, ಏಪ್ರಿಲ್‌ಗಳಲ್ಲಿ ಹತ್ತಿರದ ಯಾತ್ರೆ ಮಾಡಲಿ. ಹೊಲದ ಜವಾಬ್ದಾರಿಯನ್ನು ಮಕ್ಕಳಿಗೆ ಒಪ್ಪಿಸಿದವರು ಮಾತ್ರ ಸೆಪ್ಟೆಂಬರ್ ಕೊನೆಯಲ್ಲಿ ಹಿಮಾಲಯಕ್ಕೆ ಬರಲಿ.

ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಾಗ ಇದು ತಂಡಗಳಿಗೆ ತೊಂದರೆ ಎಂದುಕೊಂಡೆವು. ಆದದ್ದು ಬೇರೆ. ನಾಲ್ಕು ತಿಂಗಳು ಮೊದಲು ಬೆಳೆಯ ದರ ರೈತನಿಗೆ ಗೊತ್ತಿರುವುದಿಲ್ಲ, ಎರಡು ತಿಂಗಳು ಮೊದಲು ಅಂದಾಜಾದರೂ ಇರುತ್ತದೆ. ರದ್ದತಿಗಳು ಕಡಿಮೆಯಾದವು.

ಕುಂಭಮೇಳ

ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯ ನಲವತ್ತು ಜನ ಪ್ರಯಾಗದ ಮಹಾಕುಂಭಕ್ಕೆ ಕರೆದೊಯ್ಯಲು ಕೇಳಿಕೊಂಡು ಬಂದರು. 2025ರ ಜನವರಿ 13ರಿಂದ ಫೆಬ್ರುವರಿ 26ರವರೆಗಿನ ಮೇಳ. ಹಣ ಕೈಯಲ್ಲೇ ಹಿಡಿದು ಬಂದಿದ್ದರು. ಒಪ್ಪಿಕೊಳ್ಳಿ, ಇಂಥ ಹಂಗಾಮು ಮತ್ತೆ ಬರುವುದಿಲ್ಲ ಎಂದು ನಾನು ಒತ್ತಾಯ ಮಾಡಿದೆ. ಶಾರದಾ ಹೇಳಿದರು: "ವಾಹನವನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತಾರೆ, ಅಲ್ಲಿಂದ ಎಪ್ಪತ್ತು ವರ್ಷದವರನ್ನು ಸಂಗಮದವರೆಗೆ ಹೇಗೆ ನಡೆಸಬೇಕು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ."

ಇಪ್ಪತ್ತೈದು ಜನ ಬೇರೆಯವರ ಜೊತೆ ಹೋಗಿ ಸುರಕ್ಷಿತವಾಗಿ ಬಂದರು. ಅದನ್ನೂ ಇಲ್ಲಿ ಬರೆಯಲೇಬೇಕು. ಜನವರಿ 29ರ ಮೌನಿ ಅಮಾವಾಸ್ಯೆಯ ನಸುಕಿನಲ್ಲಿ ಸಂಗಮದ ಬಳಿ ನೂಕುನುಗ್ಗಲಾಗಿ ಜನ ಸತ್ತರು, ಸತ್ತವರಲ್ಲಿ ಬೆಳಗಾವಿಯವರೂ ಇದ್ದರು. ಆ ಸುದ್ದಿ ಬಂದ ದಿನ ಶಾರದಾ ಅಂಗಡಿ ತೆರೆಯಲಿಲ್ಲ. ತಮ್ಮ ತೀರ್ಮಾನ ಸರಿಯಾಗಿತ್ತು ಎಂದು ಒಮ್ಮೆಯೂ ಹೇಳಿಕೊಂಡಿಲ್ಲ, ಯಾರಾದರೂ ಹೊಗಳಿದರೆ ಮಾತು ತಿರುಗಿಸುತ್ತಾರೆ. ಉಳಿದ ಹದಿನೈದು ಜನ ಮಾರ್ಚ್‌ನಲ್ಲಿ ಅವರೊಂದಿಗೆ ಹೋಗಿ ಸಂಗಮದಲ್ಲಿ ಸ್ನಾನ ಮಾಡಿ ಬಂದರು.

ಮಾವನವರ ವಾದ

ಟಿಕೆಟ್ ಕೌಂಟರ್ ಮುಚ್ಚುವ ಮಾತು ಬಂದದ್ದು 2025ರ ಜುಲೈನಲ್ಲಿ. ತತ್ಕಾಲ್ ಬುಕಿಂಗ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರು ಟಿಕೆಟ್ ತೆಗೆಯುವಂತಿಲ್ಲ ಎಂಬ ನಿಯಮ ಬಂತು. ಬೆಳಿಗ್ಗೆ ಹತ್ತಕ್ಕೆ ನೆರೆಯುತ್ತಿದ್ದ ಜನ ಬರುವುದನ್ನೇ ಬಿಟ್ಟರು. ಮುಚ್ಚಿಬಿಡಿ ಎಂದು ನಾನೂ ಹೇಳಿದೆ.

ಮಾವನವರು ಒಪ್ಪಲಿಲ್ಲ. "ಇಂದು ಇಪ್ಪತ್ತು ರೂಪಾಯಿಯ ಟಿಕೆಟ್‌ಗೆ ಬಂದವನೇ ನಾಳೆ ತಾಯಿಯನ್ನು ಕಾಶಿಗೆ ಕಳಿಸುತ್ತಾನೆ" ಎಂದರು. ಹಳೆಯ ಕಾಲದ ಮಾತು ಎಂದು ಬದಿಗಿಡುವ ಮೊದಲು ಪುಸ್ತಕ ತೆಗೆದು ನೋಡಿದೆವು. 2024ರಲ್ಲಿ ಯಾತ್ರೆಗೆ ಬಂದ ಹುಬ್ಬಳ್ಳಿ-ಧಾರವಾಡದ ಮೂವತ್ತೊಂದು ಕುಟುಂಬಗಳಲ್ಲಿ ಹತ್ತೊಂಬತ್ತು ಕುಟುಂಬಗಳ ಹೆಸರು ಟಿಕೆಟ್ ಪುಸ್ತಕದಲ್ಲಿ ಮೊದಲೇ ಇತ್ತು. ಅಂಗಡಿಯ ಹೊಸ್ತಿಲನ್ನು ಸಾಮಾನ್ಯ ಕೆಲಸವೇ ಕಾಯುತ್ತಿತ್ತು. ಮಾವನವರು ಗೆದ್ದರು. ಈಗ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವರೇ ಕೌಂಟರಿನಲ್ಲಿ ಕುಳಿತುಕೊಳ್ಳುತ್ತಾರೆ. ವಿದೇಶ ಪ್ರವಾಸ ಕೇಳಿ ಬಂದವರನ್ನು ಅದನ್ನೇ ಮಾಡುವ ಇನ್ನೊಬ್ಬ ಸಲಹೆಗಾರರ ಬಳಿ ಕಳಿಸುತ್ತಾರೆ. ಅವರು ಹಿರಿಯ ಯಾತ್ರಿಕರನ್ನು ಇಲ್ಲಿಗೆ ಕಳಿಸುತ್ತಾರೆ. ಗಾಜಿನ ಬಾಗಿಲಿನ ಮೇಲಿನ ಅಕ್ಷರಗಳನ್ನು ಕೆರೆದು ತೆಗೆದಿದ್ದಾರೆ.

ಸದ್ಯದ ಸ್ಥಿತಿ

ಎರಡು ವರ್ಷಗಳಲ್ಲಿ ಒಟ್ಟು ವಹಿವಾಟು ಮೂರನೆಯ ಒಂದು ಭಾಗದಷ್ಟು ಇಳಿದಿದೆ. ಕೈಯಲ್ಲಿ ಉಳಿಯುವುದು ಮೊದಲ ವರ್ಷ ಮೊದಲಿನಷ್ಟೇ ಇತ್ತು, ಎರಡನೆಯ ವರ್ಷ ಸ್ವಲ್ಪ ಏರಿದೆ. ಬೆಟ್ಟದಷ್ಟು ಲಾಭವೇನೂ ಆಗಿಲ್ಲ. ಬದಲಾದದ್ದು ತಪ್ಪುಗಳ ಸಂಖ್ಯೆ: ಈ ಅವಧಿಯಲ್ಲಿ ಕೈಯಿಂದ ಕಟ್ಟಿಕೊಡಬೇಕಾದ ನಷ್ಟ ಮೇಘಸ್ಫೋಟದ್ದೊಂದೇ.

ಬಗೆಹರಿಯದ ತೊಡಕು ದೊಡ್ಡದಿದೆ. ಜನ ನಂಬಿ ಬರುವುದು ಶಾರದಾ ಅವರನ್ನು, ಅಂಗಡಿಯನ್ನಲ್ಲ. ವರ್ಷಕ್ಕೆ ಎಂಬತ್ತು ದಿನ ಅವರು ಮನೆಯಲ್ಲಿರುವುದಿಲ್ಲ, ಮಗಳು ಈ ವರ್ಷ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸ್ ಒಬ್ಬರನ್ನು ಜೊತೆಗೆ ಸೇರಿಸಿಕೊಂಡು ತರಬೇತಿ ಕೊಡುತ್ತಿದ್ದಾರೆ. ಕಾಶಿಯ ಒಂದು ತಂಡವನ್ನು ಆಕೆ ಒಬ್ಬರೇ ಕರೆದೊಯ್ದು ತಂದಿದ್ದಾರೆ. ಹಿಮಾಲಯಕ್ಕೆ ಕಳಿಸಲು ಶಾರದಾ ಇನ್ನೂ ಸಿದ್ಧರಿಲ್ಲ.

ಹಿಮಾಲಯಕ್ಕೆ ಹೆಸರು ಕೊಟ್ಟವರಿಗೆ ಈಗ ಒಂದು ಷರತ್ತಿದೆ. ವೈದ್ಯರ ಚೀಟಿಯ ಜೊತೆಗೆ, ಮುಂಗಡ ಕಟ್ಟುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಬರಬೇಕು, ಶಾರದಾ ಅವರ ಎದುರಿಗೆ ಹತ್ತಿ ಇಳಿಯಬೇಕು. ಸಣ್ಣ ಬೆಟ್ಟವದು, ಕೇದಾರದ ಮುಂದೆ ಏನೇನೂ ಅಲ್ಲ. ಆದರೆ ಬಚ್ಚಿಟ್ಟ ಏದುಸಿರು ಅಲ್ಲಿಯೇ ಹೊರಗೆ ಬರುತ್ತದೆ. ಕಳೆದ ಸಲ ನಾನೂ ಹೋಗಿದ್ದೆ. ಹನ್ನೆರಡು ಜನ ಬಂದಿದ್ದರು. ಕೆಳಗಿಳಿದ ಮೇಲೆ ಎಲ್ಲರಿಗೂ ಚಹಾ ಕೊಟ್ಟು, ಇಬ್ಬರನ್ನು ಬೇರೆಯಾಗಿ ಕರೆದು ಬೆಂಚಿನ ಮೇಲೆ ಕೂರಿಸಿದರು. ಅವರಲ್ಲಿ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು, ನಿಧಾನವಾಗಿ, ಜನವರಿಯಲ್ಲಿ ಕಾಶಿಗೆ ಹೊರಡುವ ರೈಲಿನಲ್ಲಿ ಕೆಳಗಿನ ಬರ್ತ್ ತೆಗೆದಿಡುತ್ತೇನೆ ಎಂದು ಹೇಳುತ್ತಿದ್ದರು.